ಎದೆಗೆ ಒಂದು ಗೇಣು ದೂರ

"ಒಲಿ ಮ್ಯಾಲಿಂದ ಬಿಸಿ ಪಾತೇಲಿ ಇಳಸಾಕತ್ತೀರೇನ್ರಿ ನೀವು?"

ದುರ್ಗಾ ಗಾಳಿಯಲ್ಲಿದ್ದುಕೊಂಡೇ ಕೇಳಿದಳು. ಅವಳ ಸೊಂಟ ಅಮರೇಶನ ಎರಡು ಕೈಗಳ ನಡುವೆ ಇತ್ತು, ಕಾಲುಗಳು ನೆಲದಿಂದ ಮೂರಡಿ ಮೇಲಿದ್ದವು. ಅಮರೇಶ ಅವಳನ್ನು ತನ್ನ ಎದೆಯಿಂದ ಒಂದು ಗೇಣು ದೂರ ಹಿಡಿದು, ಉಸಿರು ಬಿಗಿಹಿಡಿದು, ಹೊಸ ಸೊಸೆ ಹಾಲಿನ ಪಾತ್ರೆ ಇಳಿಸುವಷ್ಟು ಜೋಪಾನವಾಗಿ ನೆಲಕ್ಕೆ ಇಳಿಸುತ್ತಿದ್ದ. ಗೋಡೆಗೆ ಒರಗಿ ಕೂತಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು.

"ಎದಿಗೆ ತಗೋರಿ ಅಂತ ಎಷ್ಟ ಸಲ ಹೇಳ್ಬೇಕು? ದೂರ ಹಿಡದಷ್ಟೂ ಭಾರ ಹೆಚ್ಚಾಗ್ತೈತಿ. ನಿಮ್ಮ ಭುಜ ಹೋಗ್ತಾವ ನೋಡ್ರಿ."

"ಹೂಂ ರೀ ಮೇಡಂ."

ಹೂಂ ಅನ್ನುವುದರಲ್ಲಿ ಅಮರೇಶನನ್ನು ಮೀರಿಸುವವರು ಇಡೀ ಹುಬ್ಬಳ್ಳಿಯಲ್ಲಿ ಇರಲಿಲ್ಲ. ಮುಂದಿನ ಸಲವೂ ಅದೇ ಒಂದು ಗೇಣು.

ಅದು 2004ರ ಜನವರಿ. ಗೋಕುಲ ರಸ್ತೆಯಲ್ಲಿ ಬಾಗಿಲು ಹಾಕಿದ್ದ ಒಂದು ಸಣ್ಣ ಕಾರ್ಖಾನೆಯ ತಗಡಿನ ಶೆಡ್ಡು. ಸಿಮೆಂಟು ನೆಲದ ಮೇಲೆ ಪ್ಲೈವುಡ್ ಹಾಸಿ ದುರ್ಗಾ ಅದನ್ನು ತನ್ನ ನೃತ್ಯಶಾಲೆ ಮಾಡಿಕೊಂಡಿದ್ದಳು. ಅವಳಿಗೆ ಇಪ್ಪತ್ತೇಳು ವರ್ಷ. ಪುಣೆಯಲ್ಲಿ ನಾಲ್ಕು ವರ್ಷ ಬ್ಯಾಲೆ, ಕಂಟೆಂಪರರಿ ಎಲ್ಲ ಕಲಿತು ಊರಿಗೆ ಮರಳಿದಾಗ ಮಂದಿ ಕೇಳಿದ್ದು ಒಂದೇ ಪ್ರಶ್ನೆ: ಭರತನಾಟ್ಯವಲ್ಲ, ಸಿನಿಮಾದ್ದೂ ಅಲ್ಲ, ಹಾಗಾದರೆ ಅದು ಎಂಥ ಕುಣಿತ? ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಅವಳಪ್ಪ ಶಿದ್ದಪ್ಪ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದ: "ನನ್ನ ಮಗಳು ಗಾಳ್ಯಾಗ ನಿಂದ್ರೂದು ಕಲತಾಳ್ರಿ."

ಈಗ ಅವಳು ಸ್ವಂತವಾಗಿ ಕಟ್ಟುತ್ತಿದ್ದ ಮೊದಲ ದೊಡ್ಡ ನೃತ್ಯದ ಹೆಸರು 'ಹತ್ತಿ'. ಬೀಜದಿಂದ ನೂಲಿನವರೆಗೆ ನಲವತ್ತು ನಿಮಿಷ. ಧಾರವಾಡದಲ್ಲಿ ಸಭಾಂಗಣ ಗೊತ್ತುಮಾಡಿ ಆಗಿತ್ತು, ಕರಪತ್ರ ಹಂಚಿ ಆಗಿತ್ತು. ನೃತ್ಯದ ನಡುವೆ ಹತ್ತಿಯ ಕಾಯಿ ಒಡೆಯುವ ಒಂದು ಗಳಿಗೆ ಬರುತ್ತದೆ. ದುರ್ಗಾ ಐದು ಹೆಜ್ಜೆ ಓಡಿ ಜಿಗಿಯಬೇಕು, ಜೊತೆಗಾರ ಅವಳನ್ನು ಎದೆಗೆ ಹಿಡಿದುಕೊಳ್ಳಬೇಕು, ಅಲ್ಲಿಂದ ಮೆಲ್ಲಗೆ ತಲೆಯ ಮೇಲೆ ಎತ್ತಬೇಕು. ಆ ಎತ್ತುವಿಕೆ ಇಲ್ಲದಿದ್ದರೆ 'ಹತ್ತಿ'ಯಲ್ಲಿ ಉಳಿಯುವುದು ಬರೀ ಕಟ್ಟಿಗೆ.

ಮೊದಲಿನ ಜೊತೆಗಾರ ಮದುವೆ ನಿಶ್ಚಯವಾಗಿ ಕೈಕೊಟ್ಟ. ಮಾವನಿಗೆ ಕುಣಿಯುವ ಅಳಿಯ ಬೇಡವಾಗಿದ್ದ. ಆಗ ತಂಡದ ರಜನಿ ತನ್ನ ಅಣ್ಣನನ್ನು ಕರೆತಂದಳು. ಅವನೇ ಅಮರೇಶ. ಬೆಳಿಗ್ಗೆ ಅಪ್ಪನ ಹತ್ತಿ ದಲಾಲಿ ಅಂಗಡಿಯಲ್ಲಿ ಕೂರುವವನು. ಕಾಲೇಜಿನಲ್ಲಿ ಮಲ್ಲಕಂಬ ಮಾಡಿದ್ದ ಮೈ, ಮಾತು ಮಾತ್ರ ತೊಲೆಗೆ ಇಷ್ಟು ಎಂದು ತೂಗಿದಂತೆ.

ಬಂದ ದಿನವೇ ಅವಳ ಜಿಗಿತ ನೋಡಿ ಒಂದು ಮಾತು ಹೇಳಿದ್ದ. "ಹತ್ತಿ ತಾನಾಗಿ ಹಾರೂದಿಲ್ರಿ ಮೇಡಂ. ಕಾಯಿ ಅದನ್ನ ಬಿಡತೈತಿ, ಅಷ್ಟ."

ದುರ್ಗಾ ಕಲಿಸುವವಳು, ತನಗೆ ಯಾರಾದರೂ ಕಲಿಸಿದರೆ ಅವಳ ಮೂಗು ಕೆಂಪಾಗುತ್ತಿತ್ತು. ಅಂದು ಆಗಲಿಲ್ಲ. ಜಿಗಿತದ ಕೊನೆಯಲ್ಲಿ ಕೈಗಳನ್ನು ಚಾಚುವ ಬದಲು ಸುಮ್ಮನೆ ಬಿಟ್ಟು ನೋಡಿದಳು. ಮೈಯೆಲ್ಲ ಹಗುರಾಯಿತು. ಅಂದಿನಿಂದ ಅವನು ಯಾವಾಗ ಬಾಯಿ ಬಿಡುತ್ತಾನೋ ಎಂದು ಕಾಯುವುದೇ ಅವಳಿಗೆ ಒಂದು ಚಟವಾಯಿತು.

ಸಂಜೆಯ ಚಹಾದ ಹೊತ್ತಿಗೆ ಅವನು ಎಲ್ಲರಿಗೂ ಗಿರ್ಮಿಟ್ ತರುತ್ತಿದ್ದ. ಅವಳದು ಮಾತ್ರ ಬೇರೆ ಪೊಟ್ಟಣ.

"ನಂದ್ಯಾಕ ಬ್ಯಾರೆ?"

"ಖಾರ ಕಡಿಮಿ ಹಾಕ್ಸೇನ್ರಿ. ಮೊನ್ನಿ ಮಿರ್ಚಿ ತಿಂದು ಕಣ್ಣಾಗ ನೀರ ತಂದಿದ್ರೆಲ್ಲ."

"ಅದನ್ಯಾಕ ನೋಡಾಕ ಹೋಗಿದ್ರಿ?"

ಉತ್ತರ ಕೊಟ್ಟದ್ದು ಅವನ ಕಿವಿಗಳು. ಎರಡೂ ಕೆಂಪಗಾದವು. ರಜನಿ ಬಾಯ್ತುಂಬ ಗಿರ್ಮಿಟ್ ಇಟ್ಟುಕೊಂಡೇ ಸೂರು ನೋಡುತ್ತ, "ಯಪ್ಪಾ, ಈ ಶೆಡ್ಡಿನ್ಯಾಗ ಸೆಕಿ ಭಾಳ ಐತಿ" ಅಂದಳು. ಜನವರಿಯ ಚಳಿಯಲ್ಲಿ!

ಕುಣಿಯುವವರಿಗೆ ಮುಟ್ಟುವುದು ಒಂದು ಕೆಲಸ, ಬಡಿಗನಿಗೆ ಮರ ಮುಟ್ಟುವುದು ಹೇಗೋ ಹಾಗೆ. ಅದರಲ್ಲಿ ನಾಚಿಕೆಯಿಲ್ಲ. ಹಾಗಿದ್ದೂ ಅವನು ದಿನಕ್ಕೆ ಮೂವತ್ತು ಸಲ ಅವಳ ಸೊಂಟ ಹಿಡಿದು, ಮೂವತ್ತು ಸಲವೂ ಎದೆಗೆ ತಾಗದಂತೆ ದೂರ ಇಡುತ್ತಿದ್ದದ್ದು ಅವಳಿಗೆ ಮುಳ್ಳಾಗಿ ಚುಚ್ಚತೊಡಗಿತು. ಮೊದಲ ದಿನ ಸರಿಯಾಗಿಯೇ ಹಿಡಿದಿದ್ದನಲ್ಲ? ಎರಡನೆಯ ದಿನದಿಂದ ಏನಾಯಿತು?

ಉತ್ತರ ಅವಳಿಗೆ ತಾನಾಗಿ ಹೊಳೆಯಿತು. ಅಮರೇಶನ ಅಂಗಿಯೊಳಗೆ ಎದೆಯ ಮೇಲೆ ಇಷ್ಟಲಿಂಗವಿತ್ತು, ಬೆಳ್ಳಿಯ ಕರಡಿಗೆಯಲ್ಲಿ, ಕೊರಳ ದಾರಕ್ಕೆ ತೂಗಿಕೊಂಡು. ಲಿಂಗ ಕಟ್ಟಿದ ಮನೆತನ ಅವರದು. ದುರ್ಗಾ ದಲಿತ ಕೇರಿಯ ಹುಡುಗಿ. ಅವಳ ಮನೆ ಯಾವ ಓಣಿಯಲ್ಲಿದೆ ಎಂದು ರಜನಿ ಅಣ್ಣನಿಗೆ ಮೊದಲ ದಿನವೇ ಹೇಳಿರಬೇಕು.

ಆರನೆಯ ಇಯತ್ತೆಯಲ್ಲಿದ್ದಾಗ ವಿದ್ಯಾನಗರದ ಗೆಳತಿಯೊಬ್ಬಳ ಮನೆಗೆ ಹೋಗಿದ್ದಳು. ನೀರು ಕೇಳಿದರೆ, ಅಡುಗೆಮನೆಯಲ್ಲಿ ಸಾಲಾಗಿ ಲೋಟಗಳಿದ್ದರೂ, ಗೆಳತಿಯ ಅಜ್ಜಿ ಹಿತ್ತಲ ಕಿಟಕಿಯಲ್ಲಿದ್ದ ಒಂಟಿ ಲೋಟ ತಂದುಕೊಟ್ಟಿದ್ದಳು. ಯಾರೂ ಏನೂ ಅಂದಿರಲಿಲ್ಲ. ಏನೂ ಅನ್ನದೆ ದೂರ ಇಡುವುದು ಹೇಗಿರುತ್ತದೆ ಎಂದು ಅವಳಿಗೆ ಅಂದೇ ಗೊತ್ತಾಗಿತ್ತು. ಬೇರೆ ಯಾರು ಹಾಗೆ ಮಾಡಿದ್ದರೂ ಅವಳು ನಕ್ಕು ಹೊರಗೆ ಹಾಕುತ್ತಿದ್ದಳು. ಇವನು ಮಾಡಿದ್ದಕ್ಕೆ ಅಳು ಬಂತು. ಅಳು ಬಂದಾಗಲೇ ತಾನು ಇವನನ್ನು ಎಷ್ಟು ಬಯಸಿದ್ದೇನೆ ಎಂಬುದೂ ತಿಳಿಯಿತು.

ಪ್ರದರ್ಶನಕ್ಕೆ ಎಂಟು ದಿನ ಉಳಿದಿತ್ತು. ಶನಿವಾರ ಸಂಜೆ ಐದು ಹೆಜ್ಜೆ ಓಡಿ ಜಿಗಿದಳು. ಅವನು ಹಿಡಿದ, ದೂರ ಹಿಡಿದ, ಎತ್ತಲು ಹೋದಾಗ ಬಲಭುಜ ಕಳಕ್ಕೆಂದಿತು. ಅವಳು ಜಾರಿದಳು. ಅವನು ಇನ್ನೊಂದು ಕೈಯಿಂದ ಮಣಿಕಟ್ಟು ಹಿಡಿದುಕೊಳ್ಳದಿದ್ದರೆ ತಲೆ ನೆಲಕ್ಕೆ ಬಡಿಯುತ್ತಿತ್ತು.

"ಸಾಕು!" ದುರ್ಗಾ ಎದ್ದು ನಿಂತಳು. ಹಲ್ಲು ಕಚ್ಚಿ ಹಿಡಿದಿದ್ದ ಮಾತೆಲ್ಲ ಎಲ್ಲರ ಮುಂದೆಯೇ ಹೊರಗೆ ಬಿತ್ತು. "ನಾ ತಾಕಿದ್ರ ನಿಮ್ಮ ಲಿಂಗಕ್ಕ ಮೈಲಿಗಿ ಆಗ್ತೈತೇನು? ಹಂಗಿದ್ರ ಮೊದಲ ಹೇಳಬೇಕಿತ್ತು. ನನ್ನ ಕೆಡವಿ ತಿಳಸೂದು ಬ್ಯಾಡಾಗಿತ್ತು."

ರಜನಿ "ಅಕ್ಕಾ..." ಎಂದು ಬಾಯಿ ತೆರೆದಳು. ಅಮರೇಶ ಕೈಯೆತ್ತಿ ತಂಗಿಯನ್ನು ತಡೆದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಎಡಗೈಯಿಂದ ಬಲಭುಜ ಹಿಡಿದುಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನ ಭಾನುವಾರ ಬೆಳಿಗ್ಗೆ ಅವ್ವ ಹುಲಿಗೆವ್ವ ಮಗಳನ್ನು ಮಣೆಯ ಮೇಲೆ ಕೂರಿಸಿ ಮೈಗೆ ಎಣ್ಣೆ ತಿಕ್ಕುತ್ತಿದ್ದಳು. ಕೈ ಪಕ್ಕೆಗೆ ಬಂದಾಗ ನಿಂತಿತು.

"ಇದೇನ ದುರ್ಗೀ? ಯಾವಾಗ ಬಡಕೊಂಡಿ?"

ಎಡಪಕ್ಕೆಯ ಕೆಳಗೆ ನಿಂಬೆಹಣ್ಣಿನಷ್ಟು ದುಂಡನೆಯ ಕಲೆ. ಹಸಿರು ಹೋಗಿ ಹಳದಿಗೆ ತಿರುಗಿತ್ತು.

"ಕುಣಿಯೋರ ಮೈಮ್ಯಾಲೆ ಇದೆಲ್ಲ ಇದ್ದದ್ದ ಬಿಡು ಯವ್ವಾ."

"ಇಷ್ಟ ಸರಿಯಾಗಿ ದುಂಡಗ? ಯಾವುದೋ ಡಬ್ಬಿ ಒತ್ತಿದಂಗ ಐತಲ್ಲ?"

ದುರ್ಗಾ ಅವ್ವನ ಕೈ ಸರಿಸಿ ತಾನೇ ಬೆರಳಿಟ್ಟು ನೋಡಿದಳು. ಮೊದಲ ದಿನ ಜಿಗಿದು ಅವನ ಎದೆಗೆ ಅಪ್ಪಳಿಸಿದ್ದಳು. ಏನೋ ಗಟ್ಟಿ ತಗುಲಿ ಉಸಿರು ಕಟ್ಟಿತ್ತು, ಆಮೇಲೆ ಮರೆತಿದ್ದಳು. ಎರಡನೆಯ ದಿನ ಕೈ ಮೇಲೆತ್ತಿ ಮೈ ಸಡಿಲಿಸುತ್ತಿದ್ದಾಗ ಅಂಗಿ ಸರಿದು, "ಅಕ್ಕಾ, ಪಕ್ಕಡಿ ಮ್ಯಾಲೆ ನೀಲಿಗಟ್ಟೇತಲ್ಲ" ಎಂದು ರಜನಿ ಅಂದಿದ್ದಳು. ಅಮರೇಶ ಪಕ್ಕದಲ್ಲೇ ನೀರು ಕುಡಿಯುತ್ತಿದ್ದ. ಅರ್ಧಕ್ಕೇ ಬಾಟಲಿ ಕೆಳಗಿಟ್ಟು ಆಚೆ ಹೋಗಿದ್ದ. ಆ ದಿನದಿಂದಲೇ ಒಂದು ಗೇಣು ದೂರ.

"ಯವ್ವಾ, ನಾ ಎಂಥಾ ಮಾತ ಆಡಿದೆ!" ಎಂದು ದುರ್ಗಾ ಎಣ್ಣೆಯ ಮೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು.

ಸೋಮವಾರ ಹತ್ತು ಗಂಟೆಗೆ ಅವಳು ಹತ್ತಿ ಪೇಟೆಯಲ್ಲಿದ್ದಳು. ಹಂಗಾಮಿನ ಭರಾಟೆ. ಬಾಗಿಲಿಗೆ ಲಾರಿ ನಿಂತಿತ್ತು, ಹಮಾಲರು ಹತ್ತಿಯ ದೊಡ್ಡ ಅಂಡಿಗೆಗಳನ್ನು ಹೊತ್ತು ಒಳಗೆ ಹೊರಗೆ ಓಡಾಡುತ್ತಿದ್ದರು. ಅಮರೇಶ ಗಾದಿಯ ಮೇಲೆ ಕೂತಿದ್ದ, ಬಲಭುಜಕ್ಕೆ ಪಟ್ಟಿ ಕಟ್ಟಿತ್ತು. ಅವಳನ್ನು ಕಂಡು ದಡಬಡಿಸಿ ಎದ್ದ.

"ಬರ್ರಿ ಮೇಡಂ, ಕೂಡ್ರಿ."

"ಕೂಡಾಕ ಬಂದಿಲ್ಲ. ನಂದು ತಪ್ಪಾಗೇತಿ. ಎಲ್ಲಾರ ಮುಂದ ಅಂದೇನಿ, ಎಲ್ಲಾರ ಮುಂದ ಕ್ಷಮಾ ಕೇಳ್ತೇನಿ."

ಹಮಾಲರು ಅಂಡಿಗೆ ಹೊತ್ತವರು ಹೊತ್ತಂತೆಯೇ ನಿಂತರು. ಅಮರೇಶ ನಾಚಿ ನೀರಾಗಿ ಅವಳನ್ನು ಅಂಗಡಿಯ ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋದ. ಅಲ್ಲಿ ಹತ್ತಿಯ ರಾಶಿ, ಬಿಸಿಲು, ಅವರಿಬ್ಬರು.

"ಲಿಂಗಕ್ಕ ಮೈಲಿಗಿ ಅನ್ನೂದಿಲ್ರಿ," ಅಂದ. "ಅದನ್ನ ಕಟ್ಟಿಕೊಂಡವ ಯಾರನ್ನೂ ಕೀಳಂತ ತಿಳೀಬಾರದು. ನಮ್ಮ ಮಂದಿ ಭಾಳಷ್ಟು ಮರತಾರ, ಸುಳ್ಳ ಯಾಕ ಹೇಳ್ಲಿ. ನಿಮಗ ಹಂಗ ಅನಿಸಿದ್ದರಾಗ ತಪ್ಪಿಲ್ಲ."

"ಮತ್ತ ಬಾಯಿಬಿಟ್ಟು ಹೇಳಾಕ ಏನಾಗಿತ್ತು? ನನ್ನ ಪಕ್ಕಡಿಗೆ ನೋವಾದೀತಂತ ನಿಮ್ಮ ಭುಜ ಮುರಕೊಂಡ್ರೆಲ್ಲ!"

"ಹೇಳಿದ್ರ ನೀವು, ಕುಣಿಯೂ ಹೊತ್ತಿನ್ಯಾಗ ಅದನ್ನ ತಗದ ಇಡ್ರಿ ಅಂತಿದ್ರಿ."

ದುರ್ಗಾ ಸುಳ್ಳು ಹೇಳುವವಳಲ್ಲ. "ಅಂತಿದ್ದೆ."

"ಅದನ್ನ ತಗದ ಇಡಾಕ ನನಗ ಆಗಂಗಿಲ್ಲ. ನಿಮಗ ಇಲ್ಲ ಅನ್ನಾಕೂ ಆಗಂಗಿಲ್ಲ. ಅದಕ್ಕ..." ಅವನು ನೆಲ ನೋಡಿದ. "ಭುಜ ತಡಕೊಂಡಷ್ಟು ದಿನ ತಡಕೊಳ್ಳಲಿ ಅಂತ ಸುಮ್ಮನಿದ್ದೆ."

ಇಷ್ಟು ಉದ್ದದ ಮಾತನ್ನು ಅವನು ಜನ್ಮದಲ್ಲಿ ಆಡಿರಲಿಲ್ಲವೇನೋ, ಹಣೆಯ ಮೇಲೆ ಬೆವರೊಡೆದಿತ್ತು. ದುರ್ಗಾಳಿಗೆ ಅವನನ್ನು ಅಲ್ಲೇ ಅಪ್ಪಿಕೊಂಡುಬಿಡುವ ಹಾಗಾಯಿತು. ಪೇಟೆಯ ಮಧ್ಯೆ ಅದೆಲ್ಲ ಆಗುವ ಮಾತೆ? ಕಣ್ಣು ತಪ್ಪಿಸಿ ಅಂಗಡಿಯ ಬಾಗಿಲ ಕಡೆ ನೋಡಿದಳು. ಒಬ್ಬ ಹಮಾಲ ಬೆನ್ನು ಬಗ್ಗಿಸಿ ನಿಂತಿದ್ದ. ಇಬ್ಬರು ಅಂಡಿಗೆ ಎತ್ತಿ ಅವನ ಬೆನ್ನಿಗೆ ಉರುಳಿಸಿದರು. ಅವನು ಸೊಂಟದಿಂದ ಒಮ್ಮೆ ತೂಗಿ ನೆಟ್ಟಗಾದ. ಅಷ್ಟು ದೊಡ್ಡ ಅಂಡಿಗೆ ಹೂವಿನಂತೆ ಮೇಲೆ ಹೋಯಿತು.

"ಅಮರೇಶ ಅವರ, ಬೆನ್ನ ಮ್ಯಾಲೂ ಏನರ ಕಟ್ಟಿರೇನು?"

"ಇಲ್ರಿ. ಖಾಲಿ ಐತಿ."

"ಹಂಗಾರ ಆ ಜಾಗಾ ನನಗ ಇರ್ಲಿ," ಅಂದಳು. ಅವನು ತಲೆಯೆತ್ತಿದ. ಅವಳ ಕಣ್ಣಲ್ಲಿ ನೀರೂ ಇತ್ತು, ತುಂಟತನವೂ ಇತ್ತು. "ನಿಮ್ಮನ್ನ ಬದಲ ಮಾಡಂಗಿಲ್ಲ. ಕುಣಿತ ಬದಲ ಮಾಡ್ತೇನಿ. ಅದನ್ನ ಕಟ್ಟಿದಾಕಿ ನಾನ ಅಲ್ಲೇನು?"

ನಾಲ್ಕು ದಿನ ಭುಜಕ್ಕೆ ವಿಶ್ರಾಂತಿ ಕೊಟ್ಟು, ಉಳಿದ ಎರಡೇ ದಿನದಲ್ಲಿ ಹೊಸದನ್ನು ಕೂಡಿಸಿದರು. ಧಾರವಾಡದಲ್ಲಿ ಆ ಗಳಿಗೆ ಬಂದಾಗ ಅವನು ಅವಳಿಗೆ ಬೆನ್ನು ಮಾಡಿ ಬಗ್ಗಿದ. ದುರ್ಗಾ ಐದು ಹೆಜ್ಜೆ ಓಡಿ, ತಿರುಗಿ, ತನ್ನ ಬೆನ್ನನ್ನು ಅವನ ಬೆನ್ನಿಗೆ ಕೊಟ್ಟು ಮಲಗಿದಳು. ಅವನು ತೂಗಿ ನೆಟ್ಟಗಾದ. ಅವಳ ಕೈ ಸಡಿಲಾಯಿತು, ಕಾಲು ಸಡಿಲಾಯಿತು, ಕಣ್ಣಿಗೆ ಬರೀ ದೀಪಗಳು. ಅವನ ಮುಖ ಕಾಣುತ್ತಿರಲಿಲ್ಲ. ಅವನ ಉಸಿರು ಮಾತ್ರ ಬೆನ್ನಿನುದ್ದಕ್ಕೂ ಏರಿ ಇಳಿಯುತ್ತಿತ್ತು. ಕೆಳಗಿಳಿದಾಗ ಅವಳಿಗೆ ನೆಲದ ಮೇಲೆ ಕಾಲೂರಿದ್ದೇ ಬೇಸರವೆನಿಸಿತು.

ಪರದೆ ಬಿದ್ದ ಮೇಲೆ ಹುಡುಗಿಯರೆಲ್ಲ ಬಟ್ಟೆ ಬದಲಿಸಲು ಓಡಿದರು. ರಂಗದ ಹಿಂದೆ ಇಬ್ಬರೇ ಉಳಿದರು.

"ಕೆಲಸ ಮುಗೀತು," ಅಂದಳು ದುರ್ಗಾ. "ಇನ್ನ ಮುಟ್ಟಿದ್ರ ಅದು ಕೆಲಸ ಅಲ್ಲ. ಗೊತ್ತೈತಲ್ಲ?"

"ಗೊತ್ತೈತಿ."

ಅವಳು ಹತ್ತಿರ ಬಂದಳು. ಅವನು ಅಂಗಿಯ ಮೇಲೆ ಅಂಗೈಯಿಟ್ಟು ಕರಡಿಗೆ ಮುಚ್ಚಿದ. "ನೋವಾದೀತು, ದುರ್ಗಾ."

ಮೇಡಂ ಹೋಗಿ ಹೆಸರು ಬಂದಿತ್ತು. "ಆಗ್ಲಿ," ಎಂದು ಅವಳು ಆ ಕೈ ಸರಿಸಿ ಅವನ ಎದೆಗೆ ಒರಗಿದಳು. ಬೆಳ್ಳಿ ಗಟ್ಟಿಯಾಗಿ ತಾಗಿತು, ಬೆಚ್ಚಗಿತ್ತು. ಅವನ ಎದೆ ಹೊಡೆದುಕೊಳ್ಳುವುದು ಅದರ ಮೂಲಕವೂ ಕೇಳುತ್ತಿತ್ತು. ಅವನ ಎರಡು ಕೈಗಳು, ಈ ಸಲ ದೂರ ಇಡದೆ, ಅವಳನ್ನು ಬಳಸಿದವು.

"ಹೊರಗ ಅವ್ವ ನಿಂತಾಳ," ಅಂದ ಸ್ವಲ್ಪ ಹೊತ್ತಿನ ಮೇಲೆ. "ನಿನ್ನ ನೋಡಬೇಕಂತ. ಏನಂತಾಳೋ ಗೊತ್ತಿಲ್ಲ. ಏನಂದ್ರೂ ನಿನ್ನ ಬಾಜೂಕ ನಿಂತ ಕೇಳ್ತೇನಿ."

ಕೈ ಹಿಡಿದುಕೊಂಡೇ ಹೊರಗೆ ಬಂದರು. ಮೆಟ್ಟಿಲ ಬಳಿ ಇಳಕಲ್ ಸೀರೆಯ ಸೆರಗು ಹೊದ್ದು ರತ್ನವ್ವ ನಿಂತಿದ್ದಳು, ಹಣೆಯ ಮೇಲೆ ವಿಭೂತಿ. ಮೊದಲು ಕೂಡಿದ ಕೈಗಳನ್ನು ನೋಡಿದಳು, ಆಮೇಲೆ ದುರ್ಗಾಳ ಮುಖವನ್ನು.

"ಯಾರ ಮಗಳವಾ ನೀ?"

ಆ ಪ್ರಶ್ನೆಯ ಹೊಟ್ಟೆಯಲ್ಲಿ ಏನಿರುತ್ತದೆ ಎಂದು ದುರ್ಗಾಳಿಗೆ ಚೆನ್ನಾಗಿ ಗೊತ್ತು. ತಲೆ ತಗ್ಗಿಸಲಿಲ್ಲ. "ರೇಲ್ವೆ ವರ್ಕ್‌ಶಾಪ್ ಶಿದ್ದಪ್ಪನ ಮಗಳ್ರೀ ಅಮ್ಮಾರ. ಕೇರ್ಯಾಗ ಮನಿ."

ಅಮರೇಶನ ಬೆರಳುಗಳು ಬಿಗಿಯಾದವು. ರತ್ನವ್ವ ಮಗನ ಬಲಭುಜವನ್ನು ಒಮ್ಮೆ ಮುಟ್ಟಿ ನೋಡಿ ನಿಟ್ಟುಸಿರಿಟ್ಟಳು.

"ಎಂಟ ದಿನ ಆತು, ಈ ಭುಜಕ್ಕ ಎಣ್ಣಿ ತಿಕ್ಕಿ ತಿಕ್ಕಿ ನನ್ನ ಕೈ ಸೋತಾವು," ಅಂದಳು. "ನಾಳಿಂದ ಮನಿಗೆ ಬಾ. ನೀನ ತಿಕ್ಕು."