ತಂಗಿಯ ಹೆಸರಲ್ಲಿ ಹೋದ ಮೇಲ್

ಸೋಮವಾರ ಬೆಳಗ್ಗೆ ಹತ್ತಕ್ಕೆ ಠಾಣೆಗೆ ಬಂದ ಯುವತಿ ಕುರ್ಚಿ ತೋರಿಸಿದರೂ ಕೂರಲಿಲ್ಲ. ಕಿವಿ ಕೇಳದವರಿಗೆ ಕರೆಗಂಟೆಯ ಸದ್ದನ್ನು ಬೆಳಕಾಗಿ ತೋರಿಸುವ ಪುಟ್ಟ ಯಂತ್ರ ತಯಾರಿಸುವ ಸ್ಟಾರ್ಟ್‌ಅಪ್ ಅವಳದು.

“ನಮ್ಮ ಲಾಯರ್ ಮೇಡಂ ನನ್ನ ಬೆನ್ನಿಗೇ ಚೂರಿ ಹಾಕಿದಾರೆ ಸಾರ್.”

ಅವಳ ಕಂಪನಿಗೆ ಬಂಡವಾಳ ಹೂಡಬೇಕಿದ್ದವರಿಗೆ ಶುಕ್ರವಾರ ಮಧ್ಯಾಹ್ನ ಆ ವಕೀಲೆಯ ಖಾತೆಯಿಂದ ಒಂದು ಇ-ಮೇಲ್ ಹೋಗಿತ್ತು. ಯಂತ್ರದ ವಿನ್ಯಾಸ ಕದ್ದದ್ದು, ದೂರವಿರಿ ಎಂದು. ಅವರು ಹಿಂದೆ ಸರಿದಿದ್ದರು. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಮಹಿಳಾ ಕಾನ್‌ಸ್ಟೆಬಲ್ ಜತೆ ವಕೀಲರ ಕಚೇರಿಗೆ ಹೊರಟರು.

ಅಲ್ಲಿ ಎರಡು ಕೋಣೆ. ಮುಂದಿನದರಲ್ಲಿ ವಕೀಲೆಯ ಅಣ್ಣ. ಆಸ್ತಿ ವ್ಯಾಜ್ಯಗಳ ವಕೀಲ, ಮೇಜಿನ ಮೇಲೆ ಒಂದೇ ಕಡತ. ಒಳಗಿನದು ತಂಗಿಯದು. ಕಂಪನಿ ನೋಂದಣಿ, ಒಪ್ಪಂದ, ಪೇಟೆಂಟ್ ಎಂದು ಬಂದ ಹೊಸ ಉದ್ಯಮಿಗಳಿಗೆ ಕೂರಲು ಜಾಗವಿಲ್ಲ.

“ಶುಕ್ರವಾರ ಮಧ್ಯಾಹ್ನ ಎಲ್ಲಿದ್ರಿ?” ಇನ್‌ಸ್ಪೆಕ್ಟರ್ ತಂಗಿಯನ್ನು ಕೇಳಿದರು.

“ನೋಂದಣಿ ಕಚೇರೀಲಿ. ಬೇಕಾದ್ರೆ ಅಲ್ಲಿನ ಕ್ಯಾಮೆರಾ ನೋಡಿ. ಆ ಮೇಲ್ ನಂದಲ್ಲ.”

“ನಿಮ್ಮ ಪಾಸ್‌ವರ್ಡ್ ಯಾರಿಗೆ ಗೊತ್ತು?”

“ಕಂಪ್ಯೂಟರ್ ಆಫ್ ಮಾಡದೇ ಹೋಗಿದ್ದೆ. ಯಾರು ಮುಟ್ತಾರೆ? ಹೊರಗೆ ಅಣ್ಣ ಇರ್ತಾನಲ್ಲ.”

ಪಂಚನಾಮೆ ನಡೆಸಿ ಕಂಪ್ಯೂಟರ್, ಕೀಬೋರ್ಡ್ ವಶಪಡಿಸಿಕೊಂಡರು. ಅಣ್ಣ ತಂಗಿ ಇಬ್ಬರ ಬೆರಳಚ್ಚನ್ನೂ ಪಡೆದರು. ಜೀಪಿನಲ್ಲಿ ಕಾನ್‌ಸ್ಟೆಬಲ್ ಮೇಲ್‌ನ ಪ್ರತಿಯನ್ನು ಗಟ್ಟಿಯಾಗಿ ಓದಿದಳು.

“‘ಸದರಿ ಕಂಪನಿಯು ಮೇಲ್ಕಂಡ ವಿನ್ಯಾಸವನ್ನು...’ ಸಾರ್, ಇದೇನು ಮೇಲೋ, ನಮ್ಮ ಪಂಚನಾಮೆಯೋ?”

ಇನ್‌ಸ್ಪೆಕ್ಟರ್ ನಗಲಿಲ್ಲ. ತಂಗಿಯ ಹಳೆಯ ಮೇಲ್‌ಗಳನ್ನು ಅವರು ನೋಡಿದ್ದರು. ಎಲ್ಲವೂ ‘ಹೇಗಿದೀರಾ?’ ಎಂದೇ ಶುರುವಾಗುತ್ತಿದ್ದವು. ‘ಸದರಿ’ ಒಂದರಲ್ಲೂ ಇರಲಿಲ್ಲ.

ಅವಳು ನೋಂದಣಿ ಕಚೇರಿಯಲ್ಲಿದ್ದದ್ದನ್ನು ಕ್ಯಾಮೆರಾ ಖಚಿತಪಡಿಸಿತು. ಗುರುವಾರ ಬೆರಳಚ್ಚು ವರದಿ ಬಂತು. ಅಣ್ಣನನ್ನು ಠಾಣೆಗೆ ಕರೆಸಿದರು. ತಂಗಿಯೂ ಜತೆಗೆ ಬಂದಳು.

“ತಂಗಿ ಕಂಪ್ಯೂಟರ್ ಮುಟ್ಟಿದೀರಾ?”

“ಯಾವತ್ತೂ ಇಲ್ಲ.”

“ಮತ್ತೆ ಕೀಬೋರ್ಡ್ ತುಂಬ ನಿಮ್ಮದೇ ಬೆರಳಚ್ಚು?”

 ತಂಗಿ ಅವನ ಕಡೆ ತಿರುಗಿದಳು.

“ಅಣ್ಣಾ... ನೀನಾ?”

“ಬಾಗಿಲಲ್ಲಿ ಕೂತಿರೋ ನನ್ನನ್ನ ನೋಡಿ ಎಲ್ರೂ ‘ಮೇಡಂ ಇದಾರಾ’ ಅಂತಾರೆ. ಇಪ್ಪತ್ತು ವರ್ಷ ವಾದ ಮಾಡಿದೀನಿ ನಾನು. ಆ ಕರೆಗಂಟೆ ಯಂತ್ರದ ಹುಡುಗಿ ಬಂದವಳೇ ‘ಎರಡು ಕಾಫಿ ಕಳಿಸ್ತೀರಾ’ ಅಂದ್ಲು. ನಾನೇ ಹೋಗಿ ತಂದೆ ಕಣೇ. ನೀನು ತಲೆ ಎತ್ತದೇ ಥ್ಯಾಂಕ್ಸ್ ಅಂದೆ.”

“ನೀನು ಅಂತ ನೋಡಿರ್ಲಿಲ್ಲ ಅಣ್ಣ.”

“ಅದೇ.”

ಸಂಜೆ ಐದಕ್ಕೆ ದಸ್ತಗಿರಿಯಾಯಿತು. ನಡೆದದ್ದನ್ನು ಇನ್‌ಸ್ಪೆಕ್ಟರ್ ಫೋನಿನಲ್ಲಿ ತಿಳಿಸಿದ ಮೇಲೆ, ಬಂಡವಾಳ ಹೂಡುವವರು ಆ ಯುವತಿಯೊಡನೆ ಮತ್ತೆ ಮಾತಿಗೆ ಕೂರಲು ಒಪ್ಪಿದರು.

“ನಿಮ್ಮ ಬಂಧನದ ಸುದ್ದಿ ಯಾರಿಗೆ ತಿಳಿಸಬೇಕು?” ನಿಯಮದಂತೆ ಕಾನ್‌ಸ್ಟೆಬಲ್ ಕೇಳಿದಳು.

 ಅವನು ಬೆಂಚಿನ ಮೇಲೆ ಕೂತು ಅಳುತ್ತಿದ್ದ ತಂಗಿಯ ಕಡೆ ಕೈ ತೋರಿಸಿದ.