‘ಇವನೇ’ ಎಂದು ಬರೆದವರು ಯಾರು?

“ಇಲ್ಲಿ ನೋಡು. ಇದನ್ನ ಬರೆದಿದ್ದು ನೀನೇ ಅಲ್ವಾ?”

ಲೈಬ್ರರಿ ನಡೆಸುವ ಬೆಟ್ಟಯ್ಯ ಪುಸ್ತಕ ಬಿಡಿಸಿ, ಕೌಂಟರಿನ ಮೇಲೆ ರಂಜಿನಿಯ ಕಡೆಗೆ ತಿರುಗಿಸಿ ಇಟ್ಟರು. ರಂಜಿನಿ ಬಗ್ಗಿ ನೋಡಿದಳು. ‘ಗಿರಣಿ ಮಾಲೀಕ’ ಎಂಬ ಮಾತಿನ ಕೆಳಗೆ ಪೆನ್ಸಿಲ್ಲಿನ ಗೆರೆ ಇತ್ತು. ಪಕ್ಕದ ಅಂಚಿನಲ್ಲಿ ‘ಇವನೇ’ ಎಂದು ಬರೆದಿತ್ತು. ಅಕ್ಷರಗಳು ದೊಡ್ಡದಾಗಿ, ದುಂಡಗೆ, ಒಂದನ್ನೊಂದು ಮುಟ್ಟದ ಹಾಗೆ ದೂರ ದೂರ ಕೂತಿದ್ದವು.

“ನಾನಲ್ಲ ಅಂಕಲ್,” ಎಂದಳು ರಂಜಿನಿ.

ಸ್ಟೂಲಿನ ಮೇಲೆ ಕೂತಿದ್ದ ಗೋಪೀನಾಥ ಸಾರ್ ನಂಬದವರ ಹಾಗೆ ತಲೆ ಆಡಿಸಿದರು. ಅವರು ಬ್ಯಾಂಕಿನಿಂದ ರಿಟೈರ್ ಆದವರು, ರಂಜಿನಿಯ ರಸ್ತೆಯ ಕೊನೆಯ ಮನೆಯವರು. ಪುಸ್ತಕ ಅರ್ಧ ಓದಿದ್ದರಂತೆ. ಪುಟ ಮಗುಚಿದರೆ ಕೊಲೆಗಾರನ ಹೆಸರು ಎದುರಿಗೇ ಇತ್ತಂತೆ. ಊಟಕ್ಕೆ ಕೂತವನ ಮುಂದಿನಿಂದ ಎಲೆ ಎಳೆದ ಹಾಗಾಯಿತು ಎಂದು ಅವರು ಆಗಲೇ ಬೆಟ್ಟಯ್ಯನವರ ಹತ್ತಿರ ದೂರು ಹೇಳಿ ಮುಗಿಸಿದ್ದರು.

ಆ ಪುಸ್ತಕವನ್ನು ರಂಜಿನಿ ಹೋದ ತಿಂಗಳೇ ಓದಿದ್ದಳು. ಆಗ ಅದರಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಅಷ್ಟೇ ಅಲ್ಲ, ಕೊಲೆ ಮಾಡಿದ್ದು ಗಿರಣಿ ಮಾಲೀಕನೂ ಅಲ್ಲ. ‘ಬರೆದವರಿಗೆ ಕತೆಯ ಕೊನೆ ಗೊತ್ತೇ ಇಲ್ಲ ಸಾರ್’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಗೋಪೀನಾಥ ಸಾರ್ ಇನ್ನೂ ಕೊನೆ ಓದಿಲ್ಲವಲ್ಲ. ಹೇಳಿದರೆ ಅವರ ಕತೆ ಕೆಡುತ್ತದೆ. ರಂಜಿನಿ ತುಟಿ ಕಚ್ಚಿಕೊಂಡಳು.

ಅವಳು ಸುಮ್ಮನೆ ನಿಂತದ್ದನ್ನು ಅವರು ಬೇರೆ ರೀತಿ ತಿಳಿದರು. ಲೈಬ್ರರಿಗೆ ಬರುವವರಲ್ಲಿ ಮಗು ಅಂದರೆ ಇವಳೊಬ್ಬಳೇ, ಅಕ್ಷರವೂ ಮಕ್ಕಳ ಅಕ್ಷರವೇ, ಇನ್ನು ಬೇರೆ ಯಾರು ಬರೆದಾರು ಎಂದರು ಗೋಪೀನಾಥ ಸಾರ್.

“ಇನ್ಮೇಲೆ ನಿಂಗೆ ಪತ್ತೇದಾರಿ ಪುಸ್ತಕ ಕೊಡಲ್ಲ,” ಎಂದರು ಬೆಟ್ಟಯ್ಯ. “ಮನೇಲಿರೋದನ್ನ ತಂದುಕೊಡು. ಬೇಕಾದ್ರೆ ಕಲರಿಂಗ್ ಬುಕ್ ತಗೊಂಡ್ಹೋಗು.”

ಮೂಲೆಯಲ್ಲಿ ಬೆಟ್ಟಯ್ಯನ ಹೆಂಡತಿ ಅಂಜಮ್ಮ ದಾರದ ಉಂಡೆಗಳನ್ನು ಡಬ್ಬಕ್ಕೆ ಜೋಡಿಸುತ್ತಿದ್ದರು. ಒಮ್ಮೆ ತಲೆ ಎತ್ತಿ ನೋಡಿ, ಮತ್ತೆ ಬಗ್ಗಿಸಿದರು.

ಮೂಡಲಪಾಳ್ಯದ ಆ ಅಂಗಡಿಯಲ್ಲಿ ಅರ್ಧ ಭಾಗ ದಾರ, ಗುಂಡಿ, ಲೇಸು. ಇನ್ನರ್ಧ ಭಾಗ ಬಾಡಿಗೆಗೆ ಕೊಡುವ ಪುಸ್ತಕ. ವಿಜಯನಗರದಲ್ಲಿ ಯಾವುದೋ ಲೈಬ್ರರಿ ಮುಚ್ಚಿದಾಗ ಬೆಟ್ಟಯ್ಯ ಮೂಟೆಗಟ್ಟಲೆ ಪುಸ್ತಕ ತಂದಿದ್ದರು. ಅವರು ಪೇಪರ್ ಬಿಟ್ಟು ಬೇರೇನೂ ಓದುತ್ತಿರಲಿಲ್ಲ. ಆದರೆ ರಟ್ಟು ನೋಡಿಯೇ ಯಾವ ಪುಸ್ತಕ ಯಾರ ಮನೆಯಲ್ಲಿದೆ ಎಂದು ಹೇಳಬಲ್ಲವರಾಗಿದ್ದರು.

ರಂಜಿನಿಗೆ ದೊಡ್ಡ ಪಟ್ಟಣದ ಪತ್ತೇದಾರಿ ಕತೆ ರುಚಿಸುತ್ತಿರಲಿಲ್ಲ. ಸಣ್ಣ ಊರಿನದೇ ಬೇಕು. ಒಂದು ಕೆರೆ, ಒಂದು ಗಿರಣಿ, ಒಂದು ಪೋಸ್ಟಾಫೀಸು, ಒಬ್ಬರಿಗೊಬ್ಬರು ಗೊತ್ತಿರುವ ಹತ್ತಾರು ಮನೆ. ಅಂಥ ಊರಿನಲ್ಲಿ ಕೊಲೆಗಾರ ಹೊರಗಿನಿಂದ ಬರುವುದಿಲ್ಲ. ಮೊದಲನೇ ಅಧ್ಯಾಯದಲ್ಲೇ ಎಲ್ಲರ ಜೊತೆ ಜಗಲಿಯ ಮೇಲೆ ಕೂತು ಕಾಫಿ ಕುಡಿದಿರುತ್ತಾನೆ. ಓದುವವರ ಕಣ್ಣ ಮುಂದೆಯೇ ಇದ್ದರೂ ಕಾಣುವುದಿಲ್ಲ.

ಅವಳ ರಸ್ತೆಯೂ ಒಂದು ಸಣ್ಣ ಊರಿನ ಹಾಗೇ ಇತ್ತು. ಯಾವ ಕುಕ್ಕರ್ ಯಾರ ಮನೆಯಲ್ಲಿ ಕೂಗಿತು ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಹಾಗಾಗಿ ಅವಳು ಮನೆ ಮುಟ್ಟುವಷ್ಟರಲ್ಲಿ ಸುದ್ದಿಯೂ ಮುಟ್ಟಿತ್ತು. ಗೇಟಿನ ಹತ್ತಿರ ಬ್ಯಾಟು ಹಿಡಿದು ನಿಂತಿದ್ದ ಪಕ್ಕದ ಮನೆಯ ಕಶ್ಯಪ್ ಹಲ್ಲು ಬಿಟ್ಟ.

“ಏನ್ ಡಿಟೆಕ್ಟಿವ್ ಮೇಡಂ, ಕೊನೆಗೆ ನೀನೇ ಕಳ್ಳಿ ಅಂತೆ?”

ರಂಜಿನಿ ಅವನನ್ನು ದಾಟಿಕೊಂಡು ಮನೆಯೊಳಗೆ ಹೋದಳು.

ಅವಳ ಅಮ್ಮ ಜ್ಯೋತಿಲಕ್ಷ್ಮಿ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ನಿಂದ ಸಂಜೆ ಬಂದರು. ಬಸ್ಸಿನಿಂದ ಇಳಿದು ಬರುವ ದಾರಿಯಲ್ಲೇ ಅವರಿಗೂ ಯಾರೋ ಹೇಳಿದ್ದರು. ಚಪ್ಪಲಿ ಬಿಡುತ್ತಾ, ನೀನು ಬರೆದೆಯಾ ಎಂದು ಒಂದೇ ಸಲ ಕೇಳಿದರು. ಇಲ್ಲ ಎಂದಳು ರಂಜಿನಿ. ಅಮ್ಮ ನಂಬಿದರು. ಆದರೆ ಇನ್ನು ಆ ಅಂಗಡಿ ಕಡೆ ಹೋಗುವುದು ಬೇಡ, ಬೈಸಿಕೊಂಡು ಓದಬೇಕಾದ್ದು ಏನಿದೆ ಎಂದರು.

ರಂಜಿನಿಗೆ ಅದೇ ದೊಡ್ಡ ಸಂಕಟವಾಯಿತು. ಹೋಗದಿದ್ದರೆ ಪುಸ್ತಕ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಹೋಗದಿದ್ದರೆ ಬರೆದವಳು ಅವಳೇ ಎಂದು ಉಳಿದುಬಿಡುತ್ತದೆ. ಸಣ್ಣ ಊರಿನಲ್ಲಿ ಒಮ್ಮೆ ಅಂಟಿದ ಹೆಸರು ಬೇಗ ಬಿಡುವುದಿಲ್ಲ ಎಂದು ಅವಳು ಎಷ್ಟೋ ಕತೆಗಳಲ್ಲಿ ಓದಿದ್ದಳು.

ಹಿಂದಿರುಗಿಸಬೇಕಾದ ಪುಸ್ತಕ ಒಂದು ಮನೆಯಲ್ಲಿತ್ತು. ‘ಹುಣಸೆತೋಪಿನ ಗುಟ್ಟು.’ ಅದನ್ನು ಓದಿ ಮುಗಿಸಿಯಾಗಿತ್ತು. ಅವಳು ಅದನ್ನು ಮತ್ತೆ ತೆಗೆದು, ಈ ಸಲ ಕತೆ ಬಿಟ್ಟು ಬರೀ ಅಂಚುಗಳನ್ನು ನೋಡುತ್ತಾ ಹೋದಳು. ನಡುವೆ ಒಂದು ಕಡೆ ಅದೇ ದುಂಡು ಅಕ್ಷರ ಸಿಕ್ಕಿತು. ‘ಇವನೇ.’ ಕತೆಯ ಓಟದಲ್ಲಿ ಅದು ಅವಳ ಕಣ್ಣಿಗೇ ಬಿದ್ದಿರಲಿಲ್ಲ. ಪುಟಗಳ ಸಂದಿಯಲ್ಲಿ ಒಂದು ಎಳೆ ನೀಲಿ ದಾರವೂ ಸಿಕ್ಕಿಕೊಂಡಿತ್ತು. ಅಲ್ಲಿಂದ ಮುಂದೆ ಯಾವ ಗುರುತೂ ಇಲ್ಲ.

ಗೆರೆ ಎಳೆದಿದ್ದ ಸಾಲನ್ನು ಅವಳು ನಿಧಾನವಾಗಿ ಓದಿದಳು. ಅಂಗಡಿ ಸಿದ್ದಪ್ಪ ಪೊಲೀಸರಿಗೆ ಹೇಳುವ ಮಾತು ಅದು. ‘ಸಂಜೆ ಹಾಲು ಕರೆಯುವ ಹೊತ್ತಿಗೆ ನಾನು ಕೆರೆಯ ಏರಿಯ ಮೇಲೆ ಒಬ್ಬನೇ ತಿರುಗಾಡುತ್ತಿದ್ದೆ.’ ಇದರಲ್ಲಿ ಏನು ಅನುಮಾನ ಪಡುವಂಥದ್ದಿದೆ? ಕೊಲೆ ಮಾಡಿದ್ದು ಸಿದ್ದಪ್ಪ ಅಲ್ಲ, ನರ್ಸಮ್ಮ.

ಅಮ್ಮ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದರು. ರಂಜಿನಿ ಅಲ್ಲಿಗೇ ಹೋಗಿ ಆ ಸಾಲನ್ನು ಓದಿ ಹೇಳಿದಳು. ಸಿದ್ದಪ್ಪನ ಮನೆಯಲ್ಲಿ ಹಸು ಇದೆಯಾ ಎಂದು ಅಮ್ಮ ಕೇಳಿದರು. ಇದೆ, ಕರುವನ್ನೂ ಹಾಕಿದೆ, ಅವನೇ ಕರೆಯುವುದು ಎಂದಳು ರಂಜಿನಿ.

“ಹಂಗಾದ್ರೆ ಅವನೇ ಕೊಂದಿರೋದು ಬಿಡು,” ಎಂದರು ಅಮ್ಮ, ಕೋಲು ತಿರುಗಿಸುತ್ತಲೇ. “ಹಾಲು ಕರೆಯೋ ಹೊತ್ತಲ್ಲಿ ನಮ್ಮಪ್ಪ ಕೊಟ್ಟಿಗೆ ಬಿಟ್ಟು ಕದಲ್ತಿರ್ಲಿಲ್ಲ ಕಣೇ. ಕೈ ಬದಲಾದ್ರೆ ಹಸು ಹಾಲೇ ಇಳಿಸಲ್ಲ. ಆ ಹೊತ್ತಲ್ಲಿ ಕೆರೆ ಏರಿ ಮೇಲೆ ತಿರುಗ್ತಿದ್ದೆ ಅಂದ್ರೆ ಯಾರು ನಂಬ್ತಾರೆ?”

ರಂಜಿನಿ ಪುಸ್ತಕ ಹಿಡಿದುಕೊಂಡು ಅಲ್ಲೇ ನಿಂತಳು. ಪೆನ್ಸಿಲ್ ಹಿಡಿದವರೂ ಅಮ್ಮನ ಹಾಗೇ ಯೋಚಿಸಿದ್ದರು. ಅಂದರೆ ಅವರೂ ಕೊಟ್ಟಿಗೆ ಇದ್ದ ಮನೆಯಲ್ಲಿ ಬೆಳೆದವರು. ಗೋಪೀನಾಥ ಸಾರ್ ಹುಟ್ಟಿದ್ದು ಮಲ್ಲೇಶ್ವರದಲ್ಲಿ, ಹಾಲು ಕಂಡಿದ್ದು ಪ್ಯಾಕೆಟ್ಟಿನಲ್ಲಿ. ಅವರಲ್ಲ.

ಇನ್ನೊಂದು ವಿಷಯ. ಬರೆದವರು ಹೇಳಿದ್ದು ಎರಡು ಪುಸ್ತಕದಲ್ಲೂ ತಪ್ಪು. ಅಂದರೆ ಎರಡನ್ನೂ ಅವರು ಕೊನೆ ತನಕ ಓದಿಲ್ಲ. ಇದು ವಿಚಿತ್ರ. ಪತ್ತೇದಾರಿ ಪುಸ್ತಕ ಮನೆಗೆ ತಂದವರು ಯಾರಾದರೂ ಅರ್ಧಕ್ಕೆ ವಾಪಸು ಕೊಡುತ್ತಾರಾ? ಕೊಡುವುದಿಲ್ಲ. ಯಾರಾದರೂ ಬಂದು ಕೈಯಿಂದ ತೆಗೆದುಕೊಂಡು ಹೋದರೆ ಮಾತ್ರ ಹಾಗಾಗುತ್ತದೆ.

ಕೈಯಿಂದ ತೆಗೆದುಕೊಂಡು ಹೋದರೆ.

ಆಗ ಅವಳಿಗೆ ಆ ಮಧ್ಯಾಹ್ನ ನೆನಪಾಯಿತು. ‘ಹುಣಸೆತೋಪಿನ ಗುಟ್ಟು’ ಬೇಕು ಎಂದು ಅವಳು ಕೇಳಿದಾಗ ಅದು ಶೆಲ್ಫಿನಲ್ಲಿ ಇರಲಿಲ್ಲ. ಲೇಸಿನ ಡಬ್ಬದ ಕೆಳಗಿನಿಂದ ಹೊರಗೆ ಬಂದಿತ್ತು. ಅವಳು ಕೈ ಚಾಚಿ ಹಿಡಿದಾಗ, ಆಚೆ ಕಡೆಯ ಕೈ ಅದನ್ನು ತಕ್ಷಣ ಬಿಟ್ಟಿರಲಿಲ್ಲ.

ಶನಿವಾರ ಸ್ಕೂಲು ಅರ್ಧ ದಿನ. ಬೆಟ್ಟಯ್ಯ ಊಟಕ್ಕೆ ಮನೆಗೆ ಹೋಗುವ ಹೊತ್ತು ರಂಜಿನಿಗೆ ಗೊತ್ತಿತ್ತು. ಪುಸ್ತಕ ವಾಪಸು ಕೊಟ್ಟು ಬರುತ್ತೇನೆ ಎಂದು ಹಿಂದಿನ ದಿನವೇ ಅಮ್ಮನನ್ನು ಒಪ್ಪಿಸಿದ್ದಳು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡಳು. ಕತೆಯ ಕೊನೆಯ ಅಧ್ಯಾಯದಲ್ಲಿ ಪತ್ತೇದಾರ ಎಲ್ಲರನ್ನೂ ಕೂರಿಸಿಕೊಂಡು, ಒಬ್ಬೊಬ್ಬರನ್ನೇ ಬಿಡುತ್ತಾ ಬಂದು, ಕಡೆಗೆ ಬೆರಳು ತೋರಿಸುತ್ತಾನಲ್ಲ, ಹಾಗೆ.

ಅಂಗಡಿಯಲ್ಲಿ ಅಂಜಮ್ಮ ಒಬ್ಬರೇ ಇದ್ದರು. ಕೌಂಟರಿನ ಮರೆಯಲ್ಲಿ ಏನನ್ನೋ ತೊಡೆಯ ಮೇಲಿಟ್ಟುಕೊಂಡು ಬಗ್ಗಿದ್ದರು. ತುಟಿ ಮೆಲ್ಲಗೆ ಅಲುಗುತ್ತಿತ್ತು. ರಂಜಿನಿಯ ನೆರಳು ಬಿದ್ದದ್ದೇ ಅದನ್ನು ಸರಕ್ಕನೆ ಸೆರಗಿನೊಳಗೆ ಸರಿಸಿದರು.

ರಂಜಿನಿ ಪುಸ್ತಕವನ್ನು ಮುಂದಿಟ್ಟಳು. ಏನೂ ಗೊತ್ತಿಲ್ಲದವಳ ಹಾಗೆ ಕೇಳಿದಳು.

“ಆಂಟಿ, ಈ ಅಂಗಡಿ ಸಿದ್ದಪ್ಪ ಹಾಲು ಕರೆಯೋ ಹೊತ್ತಲ್ಲಿ ಕೆರೆ ಏರಿ ಮೇಲಿದ್ದೆ ಅಂತಾನಲ್ಲ, ಅದು ನಿಜ ಇರಬಹುದಾ?”

“ಎಲ್ಲೀ ನಿಜ. ಎಳೆಗರು ಕಟ್ಕೊಂಡಿರೋನು ಹಸು ಬಿಟ್ಟು ಯಾವ ಏರಿಗೆ...”

ಅಂಜಮ್ಮನ ಮಾತು ಅಲ್ಲೇ ನಿಂತಿತು. ಬಲೆಗೆ ಬಿದ್ದರು. ಇಷ್ಟು ಸುಲಭವಾಗಿ ಯಾವ ಪುಸ್ತಕದಲ್ಲೂ ಯಾರೂ ಬಿದ್ದಿರಲಿಲ್ಲ.

ಆದರೆ ಅಂಜಮ್ಮನ ಮುಖ ನೋಡಿದ ಮೇಲೆ ಜೋಡಿಸಿಕೊಂಡು ಬಂದ ಮಾತು ಅವಳ ಬಾಯಿಗೆ ಬರಲಿಲ್ಲ.

ಅಂಜಮ್ಮ ತಾವಾಗಿಯೇ ಹೇಳಿದರು. ಮಾಗಡಿ ಕಡೆಯ ಹಳ್ಳಿಯಲ್ಲಿ ಅವರು ಸ್ಕೂಲಿಗೆ ಹೋಗಿದ್ದೇ ಇಲ್ಲ. ಮಗಳಿಗೆ ಹೋಂವರ್ಕ್ ಮಾಡಿಸುವ ನೆಪದಲ್ಲಿ ಅಕ್ಷರ ಕಲಿತರು. ಆಮೇಲೆ ದಾರದ ಡಬ್ಬದ ಮೇಲಿನ ಹೆಸರು, ಆಮೇಲೆ ಬಸ್ಸಿನ ಬೋರ್ಡು, ಆಮೇಲೆ ಈ ಪುಸ್ತಕಗಳು. ಬೆಟ್ಟಯ್ಯನಿಗೆ ಇದು ತಿಳಿಯದು. ನಮ್ಮೋಳಿಗೆ ಓದು ಗೀದು ಬರಲ್ಲ ಎಂದು ಅವರು ಗಿರಾಕಿಗಳ ಮುಂದೆ ಹೇಳಿ ಹೇಳಿ, ಬರುತ್ತೆ ಎನ್ನುವುದೇ ನಾಚಿಕೆಯಾಗಿಬಿಟ್ಟಿತ್ತು. ಕತೆ ಅರ್ಧಕ್ಕೆ ಬರುವಷ್ಟರಲ್ಲಿ ಯಾರಾದರೂ ಬಂದು ಅದೇ ಪುಸ್ತಕ ಕೇಳುತ್ತಿದ್ದರು. ಅದಕ್ಕೇ ತಾವು ಯಾರನ್ನು ಹಿಡಿದಿದ್ದೇವೆ ಎಂದು ಗುರುತು ಹಾಕಿಡುತ್ತಿದ್ದರು. ಪುಸ್ತಕ ತಿರುಗಿ ಬಂದಾಗ ಕೊನೆ ಓದಿ, ಸರಿಯೋ ತಪ್ಪೋ ನೋಡಿ, ಅಳಿಸೋಣ ಎಂದು. ಆದರೆ ತಿರುಗಿ ಬಂದ ಪುಸ್ತಕ ಬೆಟ್ಟಯ್ಯನ ಕೈ ಸೇರುತ್ತಿತ್ತು. ಅಲ್ಲಿಂದ ಮತ್ತೊಬ್ಬರ ಮನೆ.

“ನಿಂಗೆ ಬೈದಾಗ ನಾನು ಬಾಯಿ ಬಿಡ್ಬೇಕಿತ್ತು ಕಣವ್ವ,” ಎಂದರು ಅಂಜಮ್ಮ. “ಎಲ್ರೂ ನಗ್ತಾರೆ ಅಂತ ಸುಮ್ಕಾಗ್ಬಿಟ್ಟೆ.”

ರಂಜಿನಿ ಏನಾದರೂ ಹೇಳುವ ಮೊದಲೇ ಬೆಟ್ಟಯ್ಯ ಊಟ ಮುಗಿಸಿ ಬಂದರು. ಜೊತೆಗೆ ಗೋಪೀನಾಥ ಸಾರ್, ಕೈಯಲ್ಲಿ ಗಿರಣಿ ಮಾಲೀಕನ ಪುಸ್ತಕ. ಅವರ ಹಿಂದೆ ಚೆಂಡು ಹುಡುಕುತ್ತಾ ಬಂದ ಕಶ್ಯಪ್ ಬಾಗಿಲಲ್ಲೇ ನಿಂತ. ಮತ್ತೆ ಯಾಕೆ ಬಂದೆ ಎಂದು ಬೆಟ್ಟಯ್ಯ ಹುಬ್ಬು ಗಂಟಿಕ್ಕಿದರು.

“ಬರೆದೋರು ಯಾರು ಅಂತ ಗೊತ್ತಾಯ್ತು ಅಂಕಲ್,” ಎಂದಳು ರಂಜಿನಿ.

ಗೋಪೀನಾಥ ಸಾರ್ ಸ್ಟೂಲು ಎಳೆದು ಕೂತೇಬಿಟ್ಟರು. ಪುಸ್ತಕ ಮುಗಿಯಿತಾ ಸಾರ್ ಎಂದು ರಂಜಿನಿ ಮೊದಲು ವಿಚಾರಿಸಿಕೊಂಡಳು. ನಿನ್ನೆ ಮುಗಿಯಿತು, ಗಿರಣಿಯವನು ಅಲ್ಲವೇ ಅಲ್ಲ ಎಂದರು ಅವರು. ಆಮೇಲೆ ಅವಳು ಒಂದೊಂದಾಗಿ ಹೇಳಿದಳು. ಬರೆದವರಿಗೆ ಕೊನೆ ಗೊತ್ತಿಲ್ಲ. ಅವರು ಹಸುವಿನ ಜೊತೆ ಬೆಳೆದವರು. ಒಂದು ಪುಸ್ತಕವನ್ನೂ ಕೊನೆ ತನಕ ಓದುವುದಕ್ಕೆ ಅವರನ್ನು ಯಾರೂ ಬಿಟ್ಟಿಲ್ಲ.

“ಯಾರದು? ಹೆಸರು ಹೇಳು,” ಎಂದರು ಬೆಟ್ಟಯ್ಯ.

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಕೊನೆಯ ಅಧ್ಯಾಯದಲ್ಲಿ ನೋಡುವ ಹಾಗೆ. ರಂಜಿನಿ ಬೆರಳು ಎತ್ತಲಿಲ್ಲ.

“ಹೆಸರು ನಾನು ಹೇಳಲ್ಲ,” ಎಂದಳು.

ಮೇನ್ ರೋಡಿನಲ್ಲಿ ಒಂದು ಬಸ್ಸು ಹಾರನ್ ಹೊಡೆದುಕೊಂಡು ಹೋಯಿತು. ಅದರ ಸದ್ದು ಅಡಗಿದ ಮೇಲೆ ಅಂಜಮ್ಮ ಎದ್ದು ನಿಂತರು.

“ನಾನೇ ಬರೆದಿದ್ದು.”

ಬೆಟ್ಟಯ್ಯ ಮೊದಲು ನಕ್ಕರು. ನಿಂಗೆ ಓದೋಕೆ ಎಲ್ಲಿ ಬರುತ್ತೆ, ಮಗೂನ ಉಳಿಸೋಕೆ ಏನೋ ಹೇಳ್ತಿದೀಯ ಎಂದರು. ಅಂಜಮ್ಮ ಗೋಪೀನಾಥ ಸಾರ್ ಕೈಯಿಂದ ಪುಸ್ತಕ ತೆಗೆದುಕೊಂಡು, ತೋಚಿದ ಕಡೆ ಬಿಡಿಸಿ, ಸಾಲಿನ ಕೆಳಗೆ ಬೆರಳಿಟ್ಟರು. ನೇಗಿಲು ಹಿಡಿದವನು ಸಾಲು ತಪ್ಪದ ಹಾಗೆ ನಡೆಯುವಂತೆ ನಿಧಾನವಾಗಿ ಓದಿದರು. ಒತ್ತಕ್ಷರ ಬಂದಲ್ಲಿ ಒಂದು ಗಳಿಗೆ ನಿಂತರು, ದಾಟಿದರು. ಇಡೀ ಪುಟ ಓದಿದರು.

ಬೆಟ್ಟಯ್ಯ ಕೌಂಟರ್ ಹಿಡಿದುಕೊಂಡಿದ್ದರು.

“ಯಾವಾಗ ಕಲ್ತೆ ಇದನ್ನ?”

“ನೀವು ಊಟಕ್ಕೆ ಹೋದಾಗ.”

ಕಶ್ಯಪ್ ಕಿಸಕ್ಕನೆ ನಕ್ಕ. ಗೋಪೀನಾಥ ಸಾರ್ ಅದಕ್ಕಿಂತ ಜೋರಾಗಿ ನಕ್ಕರು. ಗಿರಣಿಯವನ ಮೇಲೆ ನಿಮಗೂ ಅನುಮಾನ ಬಂದಿತ್ತಾ, ನನಗೂ ಬಂದಿತ್ತು, ಇಬ್ಬರೂ ಸೋತೆವು ಬಿಡಿ ಎಂದರು. ನಗು ನಿಂತ ಮೇಲೆ ರಂಜಿನಿಯ ಕಡೆ ತಿರುಗಿದರು. ಮುಖ ಸ್ವಲ್ಪ ಕೆಂಪಾಗಿತ್ತು. ಕಣ್ಣಾರೆ ನೋಡದೆ ಒಂದು ಮಗುವಿನ ಮೇಲೆ ಹೊರಿಸಿದೆ, ನಂದೇ ತಪ್ಪು ಮರಿ ಎಂದರು.

ಬೆಟ್ಟಯ್ಯ ಅಟ್ಟದಿಂದ ಇನ್ನೂ ಕಟ್ಟು ಬಿಚ್ಚದ ಪುಸ್ತಕಗಳನ್ನು ಇಳಿಸಿ, ಹುರಿ ಕತ್ತರಿಸಿ, ರಂಜಿನಿಯ ಮುಂದೆ ಇಟ್ಟರು. ಮೊದಲು ಆರಿಸಿಕೊಳ್ಳಬೇಕಾದವಳು ಅವಳೇ ಎನ್ನುವ ಹಾಗೆ ಕೈ ತೋರಿಸಿದರು. ಕಶ್ಯಪ್ ಆಗಲೇ ಬೀದಿಗೆ ಓಡಿದ್ದ. ರಂಜಿನಿ ಹೇಗೆ ಕಂಡುಹಿಡಿದಳು ಎಂದು ಗೇಟಿನಿಂದ ಗೇಟಿಗೆ ಹೇಳುತ್ತಾ ಹೋಗುವ ಅವನ ದನಿ ಅಂಗಡಿಯ ತನಕ ಕೇಳುತ್ತಿತ್ತು.

ರಂಜಿನಿ ಕಟ್ಟಿನಿಂದ ಒಂದು ಪುಸ್ತಕ ಆರಿಸಿಕೊಂಡಳು. ಆದರೆ ಮನೆಗೆ ಹೋಗಲು ಮನಸ್ಸು ಬರಲಿಲ್ಲ. ಅಂಜಮ್ಮ ಕೌಂಟರಿನ ಮುಂದಕ್ಕೆ, ಎಲ್ಲರಿಗೂ ಕಾಣುವ ಕಡೆ, ಸ್ಟೂಲು ಹಾಕಿಕೊಂಡು ‘ಹುಣಸೆತೋಪಿನ ಗುಟ್ಟು’ ಬಿಡಿಸಿ ಕೂತಿದ್ದರು. ಈ ಅಂಗಡಿಗೆ ಎಷ್ಟು ಸಲ ಬಂದಿದ್ದೇನೆ ಎಂದು ರಂಜಿನಿ ಯೋಚಿಸಿದಳು. ಬಂದಾಗಲೆಲ್ಲ ಅಂಜಮ್ಮ ಎತ್ತಿಕೊಡುತ್ತಿದ್ದ ಪುಸ್ತಕ ನೋಡಿದ್ದಳು. ಮುಖ ನೋಡಿರಲಿಲ್ಲ.

ಬ್ಲೌಸ್ ಬಟ್ಟೆಗೆ ಹೊಂದುವ ದಾರ ಕೊಳ್ಳಲು ಒಬ್ಬ ಹೆಂಗಸು ಬಂದರು. ದಾರ ಕಟ್ಟಿಸಿಕೊಂಡು, ‘ಹುಣಸೆತೋಪಿನ ಗುಟ್ಟು’ ಇದೆಯಾ ಎಂದು ಕೇಳಿದರು. ಅಂಜಮ್ಮನ ಬೆರಳು ಸಾಲಿನ ಮೇಲೆ ನಿಂತಿತು.

“ಇಲ್ಲಮ್ಮ,” ಎಂದರು ಬೆಟ್ಟಯ್ಯ, ಚಿಲ್ಲರೆ ಕೊಡುತ್ತಾ. “ಅದನ್ನ ಒಬ್ರು ಓದ್ತಾ ಇದಾರೆ. ಮುಗಿದ್ಮೇಲೆ ಕೊಡ್ತೀನಿ.”

ಬೆರಳು ಮತ್ತೆ ಮುಂದಕ್ಕೆ ಹೊರಟಿತು. ಬಿಸಿಲು ಇಳಿಯುತ್ತಾ ಹೋದ ಹಾಗೆ ಉಳಿದಿದ್ದ ಪುಟಗಳು ತೆಳ್ಳಗಾಗುತ್ತಾ ಬಂದವು. ನರ್ಸಮ್ಮ ಬರುವ ಜಾಗ ರಂಜಿನಿಗೆ ಗೊತ್ತಿತ್ತು. ಇನ್ನೊಂದು ಪುಟ. ಇನ್ನರ್ಧ ಪುಟ. ಹೇಳಿಬಿಡುವ ಆಸೆ ತಡೆದುಕೊಳ್ಳಲು ಅವಳು ಕೈಯಲ್ಲಿದ್ದ ಪುಸ್ತಕವನ್ನು ಗಟ್ಟಿಯಾಗಿ ಹಿಡಿದುಕೊಂಡು ಕಾದಳು.

ಅಂಜಮ್ಮ ಓದುವುದನ್ನು ನಿಲ್ಲಿಸಿದರು. ಆ ಸಾಲಿಗೆ ಮತ್ತೆ ಹಿಂದಕ್ಕೆ ಹೋಗಿ, ಇನ್ನೊಂದು ಸಲ ಓದಿದರು. ಆಮೇಲೆ ಕಣ್ಣರಳಿಸಿ ರಂಜಿನಿಯನ್ನು ನೋಡಿದರು.

“ಅವಳಾ?”

ರಂಜಿನಿ ನಗುತ್ತಾ ಹೌದೆಂದು ತಲೆಯಾಡಿಸಿದಳು.