ನಾಲ್ಕಡಿ ಆಚೆ ನಿಂತ ಲಿಫ್ಟು

"ಈ ಕಂಬಗಳಿಗೇನು ಕಾಲು ಬಂದವಾ?"

ಯಾರೂ ಇಲ್ಲದ ಶೆಡ್ಡಿನ ನಡುವೆ ನಿಂತು ವಸುಮತಿ ಕೇಳಿದಳು. ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ತಗಡಿನ ಸೂರಿನಡಿ ಕೂತಿದ್ದ ಪಾರಿವಾಳವೊಂದು ಕತ್ತು ಹೊರಳಿಸಿ ನೋಡಿ ಸುಮ್ಮನಾಯಿತು.

ಬೆಳಿಗ್ಗೆ ಅವಳು ಕಾಶಿ ಪಕ್ಕದ ಸಾರನಾಥದ ಈ ಮನೆಯಿಂದ ಹೊರಟಾಗ ಹೊಸ ಕಾರ್ ಲಿಫ್ಟಿನ ಎರಡು ಕೆಂಪು ಕಂಬಗಳು ನೆಲದ ಮೇಲೆ ಮಲಗಿದ್ದವು. ಅವು ಎಲ್ಲಿ ನಿಲ್ಲಬೇಕೆಂದು ಅವಳೇ ಸೀಮೆಸುಣ್ಣದಲ್ಲಿ ಚೌಕ ಬರೆದು ತೋರಿಸಿದ್ದಳು. ಕಂಟೋನ್ಮೆಂಟಿನ ಪಾರ್ಸೆಲ್ ಆಫೀಸಿನಿಂದ ಲಿಫ್ಟಿನ ಎಣ್ಣೆಯ ಡಬ್ಬಿ ಬಿಡಿಸಿಕೊಂಡು, ಅದನ್ನು ಆಟೋದಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ವಾಪಸ್ಸು ಬರುವಷ್ಟರಲ್ಲಿ ಕಂಬಗಳು ಎದ್ದು ನಿಂತಿದ್ದವು. ಆದರೆ ಚೌಕದೊಳಗಲ್ಲ. ನಾಲ್ಕಡಿ ಆಚೆ, ಶಟರಿನ ಕಡೆಗೆ. ಬೋಲ್ಟುಗಳನ್ನೂ ಬಿಗಿದಾಗಿತ್ತು.

ನಾಲ್ಕಡಿ ಆಚೆ ಎಂದರೆ ಮೂಲೆಯಲ್ಲಿ ನಿಂತಿರುವ ಆ ಬಿಳಿ ಅಂಬಾಸಿಡರನ್ನು ಎತ್ತಿದಾಗ ಅದರ ಡಿಕ್ಕಿ ಶಟರಿನಿಂದ ಹೊರಗೆ ಚಾಚುತ್ತದೆ. ಕಿಟಕಿಯ ಬೆಳಕು ಇಂಜಿನ್ನಿಗೆ ಬೀಳುವುದಿಲ್ಲ. ಆ ಬೆಳಕಿಗಾಗಿಯೇ ಅವಳು ಮೂರು ವಾರ ಟೇಪು ಹಿಡಿದು ನೆಲ ಅಳೆದಿದ್ದಳು. ಅಪ್ಪ ಅಮರಯ್ಯ ಮೂವತ್ತು ವರ್ಷ ಇಲ್ಲಿನ ಕನ್ನಡಿಗರ ಮಠದ ಸ್ವಾಮಿಗಳನ್ನು ಕೂರಿಸಿಕೊಂಡು ಓಡಿಸಿದ ಕಾರು ಅದು. ಈಗ ಅವರ ಮೊಣಕಾಲು ಮಡಚುವುದಿಲ್ಲ, ಕಣ್ಣೂ ಮಸುಕು. ಕಾರನ್ನೇ ಮೇಲೆತ್ತಿ, ಕಿಟಕಿಯ ಬೆಳಕಿನಲ್ಲಿ, ಅದರ ಹೊಟ್ಟೆಯ ಕೆಳಗೆ ಅಪ್ಪನನ್ನು ನಿಲ್ಲಿಸಬೇಕು. ಈ ಲಿಫ್ಟು ಬಂದದ್ದೇ ಅದಕ್ಕೆ.

"ಕಾಂತೇಶ್."

ಹೊರಗೆ ಹ್ಯಾಂಡ್‌ಪಂಪಿನ ಸದ್ದು ನಿಂತಿತು. ಮೊಣಕೈವರೆಗೆ ಒದ್ದೆಯಾದ ತೋಳುಗಳನ್ನು ಒರೆಸಿಕೊಳ್ಳುತ್ತ ಅವನು ಶಟರಿನ ಬಳಿ ಬಂದು ನಿಂತ. ಒಳಗೆ ಬರಲಿಲ್ಲ. ರೆಪ್ಪೆಗಳ ಮೇಲೆ ಸಿಮೆಂಟಿನ ಧೂಳು ಇನ್ನೂ ಇತ್ತು. ಬೇರೆ ದಿನವಾಗಿದ್ದರೆ ಆ ರೆಪ್ಪೆಗಳನ್ನು ನೋಡಿ ಅವಳು ಏನಾದರೂ ಛೇಡಿಸುತ್ತಿದ್ದಳು.

"ಬಂದ್ರ್ಯಾ? ಎಣ್ಣಿ ಸಿಕ್ತಾ?"

"ನನ್ನ ಚೌಕ ಎಲ್ಲೈತಿ, ನಿಮ್ಮ ಕಂಬ ಎಲ್ಲದಾವ?"

"ಅಲ್ಲಿ ನಿಲ್ಲಂಗಿಲ್ರಿ."

"ಯಾಕ?"

"ನೆಲ ಸರಿ ಇಲ್ಲ."

"ಅರೇ, ಅಲ್ಲಿ ಮೊದಲು ಅಪ್ಪಾಜಿ ಗಾಡಿ ಕೆಳಗ ಇಳೀತಿದ್ದ ಗುಂಡಿ ಇತ್ತು. ಏಳು ವರ್ಷದ ಹಿಂದ ಕಲ್ಲು ತುಂಬಿ ಕಾಂಕ್ರೀಟ್ ಹಾಕಿಸ್ಯಾರ ಅಂತ ಹೇಳಿದ್ನಲ್ಲ. ಇಡೀ ಶೆಡ್ಡಿನಾಗ ಅದರಷ್ಟು ಗಟ್ಟಿ ಜಾಗ ಇಲ್ಲ."

"ಹೇಳಿದ್ರಿ," ಎಂದ ಕಾಂತೇಶ್. ಆ ಒಂದು ಮಾತಿನಲ್ಲಿ ಎಷ್ಟು ಕಹಿ ಇತ್ತೆಂದರೆ ವಸುಮತಿ ಒಂದು ಕ್ಷಣ ತನ್ನ ಸಿಟ್ಟನ್ನೇ ಮರೆತಳು.

ಅವನ ಜೊತೆ ಜಗಳ ಹೊಸದಲ್ಲ. ಜಗಳದಿಂದಲೇ ಅವನ ಪರಿಚಯ. ಮೂರು ತಿಂಗಳ ಹಿಂದೆ ಕಾನ್ಪುರದ ಕಂಪನಿಗೆ ಫೋನ್ ಮಾಡಿದಾಗ ಫಿಟ್ಟರ್ ಒಬ್ಬ ಒರಟು ಹಿಂದಿಯಲ್ಲಿ, ನಾಲ್ಕು ಕಂಬದ ಲಿಫ್ಟು ತಗೊಳ್ಳಿ, ಅದಕ್ಕೆ ನೆಲಕ್ಕೆ ಬೋಲ್ಟ್ ಬೇಡ ಎಂದಿದ್ದ. ಅದರಲ್ಲಿ ಗಾಲಿ ನೇತಾಡುವುದಿಲ್ಲ, ಬ್ರೇಕಿನ ಕೆಲಸ ಏನು ನಿಮ್ಮಜ್ಜ ಮಾಡುತ್ತಾನಾ ಎಂದು ಇವಳು ಹಿಂದಿಯಲ್ಲಿ ಕೇಳಿ, ಫೋನ್ ಇಡುವ ಮೊದಲು ಅದನ್ನೇ ಕನ್ನಡದಲ್ಲಿ ಗೊಣಗಿದ್ದಳು. ಆ ಕಡೆ ದೊಡ್ಡದೊಂದು ನಗು. "ನಮ್ಮಜ್ಜ ರಾಣೇಬೆನ್ನೂರಾಗ ಬಂಡಿ ಗಾಲಿ ಮಾಡ್ತಿದ್ದ್ರಿ. ಬ್ರೇಕ್ ಗೊತ್ತಿರಲಿಲ್ಲ."

ಅಂದಿನಿಂದ ದಿನವೂ ಫೋನು. ಕಂಬದ ಎತ್ತರಕ್ಕೊಂದು ಜಗಳ, ಸೂರಿನ ಎತ್ತರಕ್ಕೊಂದು. ಕೊನೆಗೆ ಲಿಫ್ಟಿನ ಮಾತೇ ಇಲ್ಲದ ಫೋನುಗಳು. ಈ ಸೀಮೆಯಲ್ಲಿ ಮಠದ ಆಚೆ ಕನ್ನಡ ಕೇಳುವುದೇ ಅಪರೂಪ. ಅವಳ ಕಿವಿ ಅವನ ದನಿಗೆ ಬೆಳಗಿನ ಪಾರಾಯಣಕ್ಕೆ ಕಾದ ಹಾಗೆ ಕಾಯತೊಡಗಿತ್ತು. ಅದನ್ನು ಅವಳು ತನಗೇ ಒಪ್ಪಿಕೊಂಡಿರಲಿಲ್ಲ. ಮೊನ್ನೆ ಅವನು ಲಾರಿಯಿಂದ ಇಳಿದಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಲಿಫ್ಟನ್ನೇ ನೋಡುತ್ತ ಮಾತಾಡಿದ್ದರು. ಇಂದು ಸಂಜೆ ಆರಕ್ಕೆ ಅವನ ರೈಲು.

"ಬಿಚ್ಚಿ ನನ್ನ ಜಾಗಕ್ಕ ಹಾಕ್ರಿ," ಎಂದಳು.

"ಆಗೂದಿಲ್ಲ."

"ಶೆಡ್ ನಂದು."

"ಕೈ ನಂದು."

ಅವನು ಅವಳ ಕಣ್ಣು ತಪ್ಪಿಸುತ್ತಿದ್ದ. ಆಗ ಅವಳು ಗಮನಿಸಿದಳು. ಅವನ ಬೂಟುಗಳು ಶಟರಿನ ಹೊರಗೆ, ಜೋಡಿಸಿಟ್ಟಂತಿದ್ದವು. ಅವಳ ಚೌಕದ ನಡುವೆ ಹೆಬ್ಬೆರಳು ಹೋಗುವಷ್ಟು ದೊಡ್ಡ ತೂತೊಂದನ್ನು ಹಸಿ ಸಿಮೆಂಟಿನಿಂದ ಮುಚ್ಚಲಾಗಿತ್ತು. ಸಿಮೆಂಟಿನ ಮೇಲೆ ಮೂರೆಲೆಯ ಬಿಲ್ವಪತ್ರೆ.

"ಇದೇನಿದು? ಡ್ರಿಲ್ ಹೊಡದು ಪತ್ರಿ ಏರಿಸೋದು ಕಂಪನಿ ರೂಲಾ?"

"ಮತ್ತೇನು ಮಾಡ್ಲಿ?" ಅವನ ದನಿ ಒಡೆಯಿತು. "ಎರಡಿಂಚು ಕಾಂಕ್ರೀಟು, ಕೆಳಗ ಕಲ್ಲಿನ ಹಾಸು, ಅದರ ಕೆಳಗ ಡ್ರಿಲ್ ಭಸಕ್ ಅಂತ ಇಳೀತು. ಎತ್ತಿದ್ರ ಬೆಳ್ಳಗ ಬಂತು. ನಾಲಿಗಿಗೆ ಹಚ್ಚಿ ನೋಡಿದೆ. ಉಪ್ಪು. ಉಪ್ಪಿನ ಜೋಡಿ ವಿಭೂತಿ. ನಾನೂ ನಮ್ಮ ಅಜ್ಜನ್ನ ಮಣ್ಣು ಮಾಡೀನಿ, ನನಗ ಗೊತ್ತಾಗೂದಿಲ್ಲಾ? ನಿಮ್ಮವ್ವನ ಗದ್ದುಗಿ ಮ್ಯಾಲ ನನ್ನ ಕೈಯಾಗ ಡ್ರಿಲ್ ಹೊಡಿಸಿದ್ರಿ."



ಊರೆಲ್ಲ ಸುಡುವ ಕಾಶಿಯಲ್ಲಿ ಇವರು ಮಣ್ಣಲ್ಲಿಡುವವರು. ಹೋದವರನ್ನು ಪೂಜೆಗೆ ಕೂತ ಹಾಗೆ ಕೂರಿಸಿ, ಸುತ್ತ ಉಪ್ಪು ಸುರಿದು, ವಿಭೂತಿ ಗಟ್ಟಿ ಇಟ್ಟು, ಪತ್ರೆ ತುಂಬಿ ಮುಚ್ಚುವವರು. ಬೇರೆ ಯಾವ ಫಿಟ್ಟರ್ ಆಗಿದ್ದರೂ ನೆಲದಲ್ಲಿ ಉಪ್ಪು ಸಿಕ್ಕಿದ್ದಕ್ಕೆ ತಲೆ ಕೆರೆದುಕೊಂಡು ಮುಂದೆ ಹೋಗುತ್ತಿದ್ದ. ಇವನು ಬೂಟು ಬಿಚ್ಚಿದ್ದ.

ವಸುಮತಿ ಎಣ್ಣೆಯ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟಳು.

"ಹೆತ್ತ ತಾಯಿ ಮ್ಯಾಲ ಕಾರು ಎತ್ತೋ ಹೆಣ್ಮಗಳು ಅಂತ ತಿಳಕೊಂಡ್ಯಾ ನನ್ನ?"

"ಹೇಳಾಕ ಆಗದೆ ಮುಚ್ಚಿಟ್ಟಿದ್ದೀ ಅಂತ ತಿಳಕೊಂಡೆ. ಮೂರು ತಿಂಗಳು ದಿನಾ ಮಾತಾಡೀವಿ. ನಟ್ಟು ಬೋಲ್ಟು ಎಲ್ಲಾ ಹೇಳಿದ್ದೀ. ಅವ್ವ ಹೋದಳು ಅಂದಿ, ಎಲ್ಲದಾಳ ಅಂತ ಒಂದ್ಸಲನೂ ಹೇಳಲಿಲ್ಲ. ನಾನು ಬರೀ ಫಿಟ್ಟರ್ ಅಂತ ಇವತ್ತು ತಿಳೀತು."

"ಒಂದು ಫೋನ್ ಮಾಡಿ ಕೇಳಿದ್ರ?"

"ಏನಂತ ಕೇಳ್ಲಿ?"

ಸಿಟ್ಟಿನಲ್ಲಿ ಇಬ್ಬರೂ ಬಹುವಚನ ಬಿಟ್ಟಿದ್ದು ಇಬ್ಬರಿಗೂ ತಿಳಿಯಲಿಲ್ಲ.

"ನಮ್ಮವ್ವ ಮಠದ ಭೂಮಿಯೊಳಗ ಅದಾಳ. ಸೋಮವಾರಕ್ಕೊಮ್ಮಿ ಹೋಗ್ತೀನಿ. ಇಲ್ಲಿ ಯಾರೂ ಇಲ್ಲ," ಎಂದಳು. ಆಮೇಲೆ ತೂತಿನತ್ತ ನೋಡಿದಳು. ಅವನೂ ನೋಡಿದ. ಹಾಗಾದರೆ ಈ ಉಪ್ಪು ಯಾರದು ಎಂಬ ಪ್ರಶ್ನೆ ಇಬ್ಬರ ಮುಖದಲ್ಲೂ ಒಂದೇ ಸಲ ಬಂದು ನಿಂತಿತು.

ಹೊರಗೆ ಕೋಲಿನ ಸದ್ದು. ಮಠದಲ್ಲಿ ಪ್ರಸಾದ ಮುಗಿಸಿಕೊಂಡು ಅಮರಯ್ಯ ಬರುತ್ತಿದ್ದರು. ತುಟಿಯಲ್ಲಿ ಎಂದಿನ ಪದ್ಯ. ಮಗಳ ಮುಖ ಕಂಡದ್ದೇ ಪದ್ಯ ಅರ್ಧಕ್ಕೆ ನಿಂತಿತು.

"ಅಪ್ಪಾಜಿ, ಈ ನೆಲದಾಗ ಯಾರದಾರ?"

ಮುದುಕರು ಕಂಬ ನೋಡಿದರು, ಚೌಕ ನೋಡಿದರು, ಪತ್ರೆ ನೋಡಿದರು.

"ಯಾರೂ ಇಲ್ಲವ್ವಾ," ಎಂದರು. "ಇನ್ನೂ."

"ಅಂದ್ರ?"

"ಅದು ನನ್ನ ಉಪ್ಪು. ಎಂಟು ಚೀಲ. ಕೊಟ್ಟೂರಿಂದ ತರಿಸಿದ ವಿಭೂತಿ ಒಂದು ಡಬ್ಬಿ."

"ಕಲ್ಲು ತುಂಬೀನಿ ಅಂದಿದ್ರಿ."

"ಮ್ಯಾಲ ಕಲ್ಲು ಹಾಸೀನಲ್ಲ."

ವಸುಮತಿಗೆ ನಗು ಬರಬೇಕಿತ್ತು. ಬರಲಿಲ್ಲ. "ನಾಳೆ ಆ ಉಪ್ಪಿನ ಮ್ಯಾಲ ಒಂದು ಟನ್ ಗಾಡಿ ಎತ್ತತಿದ್ದೆ. ಕೆಳಗ ನಿಮ್ಮನ್ನ ನಿಲ್ಲಸ್ತಿದ್ದೆ. ಕಂಬ ಕಿತ್ತು ಬಿದ್ದಿದ್ರ ಇಬ್ಬರಿಗೂ ಸಾಲೋ ಹಂಗ ಉಪ್ಪು ಇಟ್ಟಿದ್ರ್ಯಾ?"

"ಅದಕ್ಕ ಲಿಫ್ಟ್ ಬ್ಯಾಡ ಅಂದ್ನಲ್ಲ."

"ಯಾಕ ಅಂತ ಹೇಳಲಿಲ್ಲ."

"ಮಗಳಿಗೆ ಹೆಂಗ ಹೇಳೂದು?" ಅಮರಯ್ಯ ಅಂಬಾಸಿಡರಿನ ಬಾನೆಟ್ಟಿಗೆ ಕೈಯೂರಿ ನಿಂತರು. "ನಿಮ್ಮವ್ವ ಹೋದ ದಿನ ಉಪ್ಪಿಗೆ ಓಡಿದೆ. ಈ ಊರಾಗ ಹೆಣಕ್ಕ ಕಟ್ಟಿಗಿ ಮಾರೋರು ಬೇಕಾದಷ್ಟು. ಚೀಲಗಟ್ಟಲೆ ಉಪ್ಪು ಯಾಕ ಬೇಕು ಬಾಬಾ ಅಂತ ಕೇಳಿ ಕೇಳಿ ನಕ್ಕರು. ನಾನು ತಿರುಗಿ ಬರೂತನಕ ಗ್ವಾಡಿಗೆ ಒರಗಿಸಿದ ನಿಮ್ಮವ್ವನ ಜೋಡಿ ನೀ ಒಬ್ಬಾಕಿ ಕುಂತಿದ್ದಿ. ಒಂಬತ್ತು ವರ್ಷದಾಕಿ. ಅಳೂದೂ ಬಿಟ್ಟಿದ್ದಿ. ನಾ ಹೋದ ದಿನ ಮತ್ತ ಹಂಗ ನೀ ಒಬ್ಬಾಕಿ... ಉಪ್ಪಿಗಾದ್ರೂ ಓಡೂದು ಬ್ಯಾಡ ಅಂತ."

ವಸುಮತಿ ಕಿಟಕಿಯತ್ತ ತಿರುಗಿದಳು. ಮೂರು ವಾರ ಅಳೆದ ಬೆಳಕು ಚೌಕದ ಮೇಲೆ ಸರಿಯಾಗಿ ಬಿದ್ದಿತ್ತು. ಸಿಟ್ಟು ಹೋಗಿರಲಿಲ್ಲ. ಅದು ಯಾರ ಮೇಲೆ ಎಂಬುದು ಮಾತ್ರ ಕೈತಪ್ಪಿತ್ತು.

ಕಾಂತೇಶ್ ಅಮರಯ್ಯನವರತ್ತ ತಿರುಗಿದ. "ಅಯ್ಯಾರ, ಚೀಲ ತಗದು ಮೂಲ್ಯಾಗ ಅಟ್ಟದ ಮ್ಯಾಲ ಇಡೋಣು. ನೆಲದಾಗ ಉಪ್ಪಿದ್ರ ಕಂಬಕ್ಕ ಜಂಗು ಹಿಡೀತೈತಿ. ಗುಂಡಿಗೆ ತಳದಿಂದ ಕಾಂಕ್ರೀಟ್ ತುಂಬಬೇಕು. ಇಪ್ಪತ್ತೆಂಟು ದಿನ ನೀರುಣಿಸಬೇಕು. ಆಮ್ಯಾಲ ಲಿಫ್ಟು ಇವರು ಹೇಳಿದ ಜಾಗಕ್ಕ."

"ನೀರು ಯಾರು ಉಣಿಸ್ತಾರಪಾ?" ಮುದುಕರ ದನಿ ತೀರಾ ಮುಗ್ಧವಾಗಿತ್ತು. "ನನ್ನ ಮೊಣಕಾಲು ನೋಡೀಯಲ್ಲ. ಇಕಿಗೆ ಗಾಡಿ ಬಿಟ್ರ ಏನೂ ನೆನಪಿರೂದಿಲ್ಲ."

"ಕಂಪನಿಯಿಂದ ಬ್ಯಾರೆಯವರನ್ನ ಕಳಸ್ತೀನ್ರಿ. ನಾನು ಬಂದ ಕೆಲಸ ಆತು," ಎಂದ ಅವನು, ಅವಳ ಬೆನ್ನಿಗೆ ಕೇಳಿಸುವ ಹಾಗೆ. ಆ ದನಿಯಲ್ಲಿ ಇನ್ನೂ ಕಹಿ ಉಳಿದಿತ್ತು. "ಫಿಟ್ಟರ್ ಯಾರಾದ್ರೇನು."

ಅಮರಯ್ಯ ಇಬ್ಬರನ್ನೂ ಒಮ್ಮೆ ನೋಡಿ, ಅರ್ಧಕ್ಕೆ ಬಿಟ್ಟ ಪದ್ಯವನ್ನು ಎತ್ತಿಕೊಂಡು, ಬಿಲ್ವದ ಗಿಡದ ಕಡೆ ನಡೆದರು.

ಅವನ ಬ್ಯಾಗು ಅಂಬಾಸಿಡರಿನ ಪಕ್ಕದಲ್ಲಿತ್ತು. ಡ್ರಿಲ್ಲು, ಪಾನಾ, ಒಂದು ಜೊತೆ ಬಟ್ಟೆ, ರೈಲಿನ ಟಿಕೆಟ್ ಎಲ್ಲವೂ ಅದರಲ್ಲೇ. ವಸುಮತಿ ಹೋಗಿ ಬ್ಯಾಗೆತ್ತಿ, ಕಾರಿನ ಹಿಂದಿನ ಸೀಟಿಗೆ ಹಾಕಿ, ಬಾಗಿಲು ಬಡಿದು ಕೀಲಿ ತಿರುಗಿಸಿದಳು. ಕೀಲಿಯನ್ನು ಮುಷ್ಟಿಯಲ್ಲಿ ಬಿಗಿದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಏನಿದು?" ಎಂದ.

"ಯಾರಿಗೂ ಹೇಳಿಲ್ಲ ನಾನು. ಅವ್ವನ ಜೋಡಿ ಆ ದಿನ ಕುಂತಿದ್ದು. ಹೇಳಾಕ ಈ ಊರಾಗ ಯಾವ ಭಾಷಾ ಐತಿ ನನಗ? ಹಿಂದಿಯೊಳಗ ಹೇಳಿದ್ರ ಉಪ್ಪು ಯಾಕ ಅಂತ ಕೇಳ್ತಾರ." ಅವಳು ಅವನನ್ನು ಸಿಟ್ಟಿನಿಂದಲೇ ನೋಡುತ್ತಿದ್ದಳು. ಕಣ್ಣು ಮಾತ್ರ ತುಂಬಿತ್ತು. "ನೀ ಕೇಳಲಿಲ್ಲ. ಬೂಟು ಬಿಚ್ಚಿದಿ."

ಕಾಂತೇಶನ ರೆಪ್ಪೆ ಒಮ್ಮೆ ಬಡಿಯಿತು. ಸಿಮೆಂಟಿನ ಧೂಳು ಕೆನ್ನೆಗೆ ಉದುರಿತು. ಬರಿಗಾಲಿನಲ್ಲಿ ಅವನು ನಡೆದು ಬಂದ. ಚೌಕವನ್ನು ತುಳಿಯದೆ ಸುತ್ತಿ ಬಂದದ್ದನ್ನು ಅವಳು ನೋಡಿದಳು. ಉಪ್ಪಿನ ಚೀಲವೆಂದು ಗೊತ್ತಾದ ಮೇಲೂ ಅವನು ಅದನ್ನು ತುಳಿಯಲಿಲ್ಲ. ಎರಡು ಹೆಜ್ಜೆ ದೂರದಲ್ಲಿ ನಿಂತ.

"ನಾಳೆ ಸೋಮವಾರ," ಎಂದಳು. "ಮುಂಜಾನೆ ಅವ್ವನ ಕಡೆ ಹೋಗ್ತೀನಿ. ನೀನೂ ಬರಬೇಕು. ಅಕಿ ಎಲ್ಲದಾಳ ಅಂತ ಹೇಳಲಿಲ್ಲ ಅಂದ್ಯಲ್ಲ, ತೋರಸ್ತೀನಿ."

ಅವನು ತಲೆ ತಗ್ಗಿಸಿದ. ನಗುತ್ತಿದ್ದಾನೋ, ತುಟಿ ಕಚ್ಚುತ್ತಿದ್ದಾನೋ ತಿಳಿಯಲಿಲ್ಲ. ಮತ್ತೆ ತಲೆಯೆತ್ತಿದಾಗ ಆ ಕಣ್ಣಲ್ಲಿ ಫೋನಿನ ಆಚೆ ಮೂರು ತಿಂಗಳು ನಕ್ಕವನು ಇದ್ದ.

"ಆರಕ್ಕ ರೈಲೈತಿ, ವಸು," ಎಂದ ಮೆಲ್ಲಗೆ, ಅಂಗೈ ಚಾಚಿ. "ಕೀಲಿ ಕೊಡು."

"ಕೊಡೂದಿಲ್ಲ."